ಕಳ್ಳ ಅಂಗೈ ಒಯ್ದಿಲ್ಲ

ಪ್ರಾಗ್
೧೦ ಆಗಸ್ಟ್ ೨೦೨೫, ರವಿವಾರ ರಾತ್ರಿ

ಹಿನಾ,

ಫೋನ್ ಮಾಡಬೇಡ, ಮಾಡಿದರೂ ನಾನು ಎತ್ತುವುದಿಲ್ಲ. ನಾನೂ ಅತ್ತೆಯೂ ಒಂದೇ ಕೋಣೆಯಲ್ಲಿದ್ದೇವೆ. ಅವರ ಕಿವಿ ಎಷ್ಟು ಚುರುಕು ಎಂಬುದು ಗೋಡೆಯಾಚೆ ಇಷ್ಟು ವರ್ಷ ಬಾಳಿದ ನಿನಗೆ ಗೊತ್ತೇ ಇದೆ. ಹೋಟೆಲಿನ ಕೆಳಗಿನ ಹಜಾರದಲ್ಲಿ ಕುಳಿತು ಫೋನಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ನೀನೂ ಬರೆದೇ ಉತ್ತರ ಕೊಡು. ನಿಮ್ಮ ಅತ್ತೆ ಖೈರುನಬಿಯವರ ಎದುರು ಓದಬೇಡ.

ನಮ್ಮ ಅತ್ತೆಯ ಲಿಂಗ ಕಳೆದಿದೆ.

ಇದು ನಮ್ಮ ಪ್ರವಾಸದ ಕೊನೆಯ ಊರು. ಎರಡು ವಾರದಿಂದ ಬಸ್ಸು ಹತ್ತಿ, ಬಸ್ಸು ಇಳಿದು, ಕೋಟೆ, ಇಗರ್ಜಿ, ಅರಮನೆ ಎಲ್ಲ ನೋಡಿ ಕಾಲು ಬಾತುಕೊಂಡಿವೆ. ನಮ್ಮ ಅಂಗಡಿಯಲ್ಲಿ ಹೆಚ್ಚು ಪೈಪು ಮಾರಿದ್ದಕ್ಕೆ ಕಂಪನಿಯವರು ಯುರೋಪು ತೋರಿಸುತ್ತಾರೆ ಎಂದಾಗ ನಮ್ಮ ಮನೆಯವರು ವಿಮಾನಕ್ಕೆ ಹೆದರಿ ತಮ್ಮ ಬದಲು ತಾಯಿಯನ್ನು ನನ್ನ ಜೊತೆ ಕಳಿಸಿದರಲ್ಲ, ಹೋಗುವ ದಿನ ನೀನು ಎಷ್ಟು ನಕ್ಕಿದ್ದೆ. ಈಗ ಅನಿಸುತ್ತದೆ, ಹೆದರಿದವರೇ ಜಾಣರು.

ಇಲ್ಲಿ ಒಂದು ಹಳೆಯ ಗಡಿಯಾರವಿದೆ. ತಾಸಿಗೊಮ್ಮೆ ಅದರ ಕಿಟಕಿ ತೆರೆದು ಗೊಂಬೆಗಳು ಸುತ್ತುತ್ತವೆ, ಎಲುಬಿನ ಗೊಂಬೆಯೊಂದು ಗಂಟೆ ಹೊಡೆಯುತ್ತದೆ. ಅದನ್ನು ನೋಡಲು ಯಲ್ಲಮ್ಮನ ಗುಡ್ಡದ ಹುಣ್ಣಿವೆ ಜಾತ್ರೆಯ ಹಾಗೆ ಜನ. ಎಲ್ಲರ ಮುಖ ಮೇಲೆ, ಎಲ್ಲರ ಕೈಯಲ್ಲಿ ಫೋನು. ಕಳ್ಳರಿದ್ದಾರೆ ಎಂದು ನಮ್ಮ ಜೊತೆ ಬಂದ ಕಂಪನಿಯ ಮಾಂತೇಶ ಬಸ್ಸಿನಲ್ಲೇ ಹೇಳಿದ್ದ. ನಾನು ಪರ್ಸನ್ನು ಎದೆಗೆ ಅವಚಿಕೊಂಡಿದ್ದೆ. ಅತ್ತೆಯ ಕೊರಳಿನಲ್ಲಿ ಲಿಂಗ ಇಟ್ಟ ಬೆಳ್ಳಿಯ ಕರಡಿಗೆ ಇತ್ತು, ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಆಚೆ ತಿರುಗಿದ್ದು ತುಸು ಹೊತ್ತು ಅಷ್ಟೆ. ಜನ ಕರಗಿದ ಮೇಲೆ ನೋಡಿದರೆ ಅತ್ತೆಯ ಕೈಯಲ್ಲಿ ಕರಡಿಗೆ ಕಟ್ಟಿದ್ದ ಶಿವದಾರದ ಕತ್ತರಿಸಿದ ತುದಿ ಇತ್ತು.

ಅವರು ಅಳಲಿಲ್ಲ, ಚೀರಲಿಲ್ಲ. ರಾತ್ರಿ ಊಟಕ್ಕೆ ಕರೆದರೆ ಬರಲಿಲ್ಲ. "ಲಿಂಗ ಇಲ್ಲದ ಬಾಯಾಗ ಅನ್ನ ಇಡೂದಿಲ್ಲ. ಸುಭಾಸಗ ಹೇಳಿದಿ ಅಂದ್ರ ನನ್ನ ಮ್ಯಾಲ ಆಣಿ" ಅಂದರು. ನಮ್ಮ ಮನೆಯವರಿಗೆ ಹೇಳುವಂತಿಲ್ಲ, ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ನನಗೆ ತುಂಬ ಹೆದರಿಕೆಯಾಗುತ್ತಿದೆ.

ನಿನ್ನ ನಾಗೂ


ರಾಮದುರ್ಗ
೧೧ ಆಗಸ್ಟ್, ಸೋಮವಾರ ಬೆಳಿಗ್ಗೆ

ನಾಗೂ,

ಓದಿ ನಾನೂ ಹೆದರಿದೆ. ಆದರೂ ನೀನು ಕಂಗೆಡಬೇಡ. ಹೋದದ್ದು ಬೆಳ್ಳಿ ತಾನೇ? ಬೆಳ್ಳಿ ಸಿಗದ ಊರೇನು ನಮ್ಮದು? ಇಲ್ಲಿಗೆ ಬಂದ ಮರುದಿನವೇ ಪತ್ತಾರರ ಕಡೆ ಹೋಗಿ, ಅದಕ್ಕಿಂತ ಚೆಂದದ್ದು ಮಾಡಿಸೋಣ. ಅಲ್ಲಿಯವರೆಗೆ ನಿಮ್ಮ ಅತ್ತೆಗೆ, ನಮ್ಮ ಕಾಕುಗೆ, ಏನಾದರೊಂದು ಹೇಳಿ ಹಣ್ಣು, ಹಾಲು ಕೊಡು. ಸಕ್ಕರೆ ಕಾಯಿಲೆಯ ಜೀವ ಅದು. ನಮ್ಮಲ್ಲೂ ರೋಜಾ ಹಿಡಿದವರಿಗೆ ಕಾಯಿಲೆ ಇದ್ದರೆ ಬಿಡಬಹುದು. ನಿಮ್ಮಲ್ಲೂ ಅಂಥದೊಂದು ಇದ್ದೇ ಇರಬೇಕಲ್ಲ?

ಸುಭಾಸಣ್ಣ ಈಗ ಅಂಗಡಿ ತೆರೆಯುತ್ತಿದ್ದಾರೆ. ನನ್ನನ್ನು ನೋಡಿ, ಪ್ಯಾರಿಸಿನ ಫೋಟೋದಲ್ಲಿ ಅವ್ವ ದಪ್ಪಗೆ ಕಾಣುತ್ತಾಳೆ ಎಂದು ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡಲಿ?

ನೀನು ಕಳಿಸಿದ ಗಡಿಯಾರದ ವಿಡಿಯೋ ನಿನ್ನೆಯೇ ಬಂತು. ಇನ್ನೂ ತೆರೆದು ನೋಡಿಲ್ಲ. ಈಗ ಅದನ್ನು ನೋಡಲು ಮನಸ್ಸು ಬರುತ್ತಿಲ್ಲ.

ಹಿನಾ


ಪ್ರಾಗ್
೧೧ ಆಗಸ್ಟ್, ಸೋಮವಾರ ಸಂಜೆ

ಹಿನಾ,

ಬೆಳ್ಳಿಯ ಮಾತಲ್ಲ ಇದು. ಕರಡಿಗೆ ಹೋದರೆ ಹೋಗಲಿ ಎಂದು ಅತ್ತೆಯೇ ಅನ್ನುತ್ತಿದ್ದರು. ಒಳಗಿದ್ದ ಲಿಂಗ ಗುರು ಕಟ್ಟಿದ್ದು. ಹೆರಿಗೆಯಲ್ಲೂ, ಆಪರೇಷನ್ನಿನಲ್ಲೂ ಅವರು ಅದನ್ನು ಮೈಯಿಂದ ದೂರ ಮಾಡಿದವರಲ್ಲ. ಡಾಕ್ಟರು ಬೈದಾಗ ಮುಂಗೈಗೆ ಕಟ್ಟಿಸಿಕೊಂಡು ಮಲಗಿದ್ದರು. ಹಿಂದಿನ ಕಾಲದಲ್ಲಿ ಲಿಂಗ ಕಳೆದವರು ಜೀವವನ್ನೇ ಬಿಡುತ್ತಿದ್ದರಂತೆ. ಈ ಮಾತನ್ನು ಇವತ್ತು ಅತ್ತೆ ನನಗೆ ಹೇಳಿದರು. ಅಡಿಗೆಯ ಮಾತಾಡುವಷ್ಟು ಸಹಜವಾಗಿ ಹೇಳಿದರು, ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಮಾಂತೇಶ ಪೊಲೀಸ್ ಠಾಣೆಗೆ ಕರೆದೊಯ್ದ. ಪಾಪ, ಬೈಲಹೊಂಗಲದ ಹುಡುಗ, ಅವನಿಗೆ ಎಲ್ಲ ಅರ್ಥವಾಗಿದೆ. ಆದರೆ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ತಡವರಿಸಿದ. ಕಳೆದದ್ದು ಆಭರಣವೋ ಮೂರ್ತಿಯೋ ಎಂದು ಆ ಅಧಿಕಾರಿ ಕೇಳಿದ. ಎರಡೂ ಅಲ್ಲ ಅಂದೆವು. ಹಾಗಾದರೆ ಏನು ಅಂದ. ಕಡೆಗೆ ಅವನು ಆಭರಣ ಎಂದೇ ಬರೆದುಕೊಂಡು ಕಳಿಸಿದ.

ಅತ್ತೆ ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ. ನಾನು ಅತ್ತದ್ದಕ್ಕೆ ಎರಡು ಗುಟುಕು ನೀರು ಕುಡಿದರು. ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ಕೊಡಲು ಭಯ, ಕೊಡದಿರಲೂ ಭಯ. ಇವತ್ತು ಬಚ್ಚಲಿಗೆ ಎದ್ದವರು ಗೋಡೆ ಹಿಡಿದು ಕುಸಿದರು. ಆಸ್ಪತ್ರೆಗೆ ಒಯ್ಯೋಣ ಎಂದರೆ, ಅಲ್ಲಿ ಸೂಜಿಯಲ್ಲಿ ಅನ್ನ ಹಾಕುತ್ತಾರೆ, ಬರುವುದಿಲ್ಲ ಎಂದು ಹಟ ಹಿಡಿದರು. ಬಲವಂತದಿಂದ ಒಯ್ದರೆ ವಿಮಾನ ತಪ್ಪುತ್ತದೆ, ಪರದೇಶದಲ್ಲಿ ನಾವಿಬ್ಬರೇ ಉಳಿಯುತ್ತೇವೆ ಎಂದು ಮಾಂತೇಶನೂ ಹೆದರಿದ್ದಾನೆ. ವಿಮಾನ ಇರುವುದು ಗುರುವಾರ. ಅಲ್ಲಿಯವರೆಗೆ ಈ ಜೀವ ತಡೆಯುತ್ತದೆಂದು ನನಗೆ ಅನಿಸುವುದಿಲ್ಲ. ಕಿಟಕಿಯಿಂದ ನೋಡಿದರೆ ಕೆಳಗೆ ಜನ ಐಸ್‌ಕ್ರೀಮ್ ನೆಕ್ಕುತ್ತ, ನಗುತ್ತ ಹೊರಟಿದ್ದಾರೆ. ಅವರನ್ನು ಕಂಡರೆ ಸಿಟ್ಟು ಬರುತ್ತದೆ.

ಒಂದೇ ದಾರಿ ಇದೆ. ನಮ್ಮ ಮಠದ ಸ್ವಾಮಿಗಳು, ಅಜ್ಜಾರು, ಏನಾದರೂ ಅಪ್ಪಣೆ ಕೊಟ್ಟರೆ ಅತ್ತೆ ಕೇಳಿಯಾರು. ಗುರುವಿನ ಮಾತಿಗೆ ಅವರಲ್ಲಿ ಎರಡನೇ ಮಾತಿಲ್ಲ. ಆದರೆ ಇಂಥ ವಿಷಯವನ್ನು ಫೋನಿನಲ್ಲಿ ಕೇಳಬಾರದಂತೆ, ಒಬ್ಬರು ಹೋಗಿ ಕಾಲಿಗೆ ಬಿದ್ದು ಕೇಳಬೇಕಂತೆ. ಯಾರನ್ನು ಕಳಿಸಲಿ ಎಂದು ಕೇಳಿದೆ. ನಿನ್ನ ಹೆಸರನ್ನೂ ಹೇಳಿದೆ. ಕತ್ತರಿಸಿದ ಶಿವದಾರವನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, "ಅಕೀನ ಹೋಗ್ಲಿ. ಅಕಿ ಬಾಯಿ ಗಟ್ಟಿ, ಗುಟ್ಟು ಹೊರಗ ಬಿಡೂದಿಲ್ಲ" ಅಂದರು.

ಕಟಕೋಳದ ದಾರಿಯ ಮಠ ನಿನಗೆ ಗೊತ್ತಲ್ಲ, ನಿನ್ನ ಗಂಡ ಶಾನವಾಜಣ್ಣನ ಬಾಡಿಗೆ ಕ್ರೂಸರ್ ಗಾಡಿಯಲ್ಲಿ ಹೋಗು. ನಿನ್ನ ಕಾಲು ಹಿಡಿಯುತ್ತೇನೆ.

ನಾಗೂ


ರಾಮದುರ್ಗ
೧೨ ಆಗಸ್ಟ್, ಮಂಗಳವಾರ ಮಧ್ಯಾಹ್ನ

ನಾಗೂ,

ಹೋಗಿ ಬಂದೆ. ಇದನ್ನು ಕಾಕುಗೆ ಈಗಲೇ ಓದಿ ಹೇಳು.

ಅಜ್ಜಾರು ಮಠದ ಪಡಸಾಲೆಯಲ್ಲಿ ಕುಳಿತಿದ್ದರು. ನಾನು ದೂರದಿಂದಲೇ ಕೈಮುಗಿದು ಎಲ್ಲ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಹೀಗೆ ಹೇಳಿದರು: "ಕಳ್ಳ ಕರಡಿಗಿ ಒಯ್ದಾನ, ಅಂಗೈ ಒಯ್ದಿಲ್ಲ. ಸಿದ್ದಲಿಂಗವ್ವಗ ಹೇಳು, ಅಂಗೈಗೆ ವಿಭೂತಿ ಹಚ್ಚಿ, ಅಲ್ಲೇ ಲಿಂಗ ಕುಂತೈತಂತ ತಿಳಿದು ಪೂಜಿ ಮಾಡ್ಲಿ. ಪೂಜಿ ಮಾಡಿ ಉಣ್ಲಿ. ಉಪಾಸ ಬಿದ್ದ ಕೈ ನಡಗತೈತಿ, ನಡಗೂ ಕೈಯಾಗ ಲಿಂಗ ಹೆಂಗ ನಿಂತೀತು? ಊರಿಗೆ ಬಂದ ಮ್ಯಾಲ ನಾನ ಕಟ್ಟತೇನಿ."

ಇಷ್ಟೇ. ಒಂದಕ್ಷರವನ್ನೂ ಬಿಡದೆ ಓದು. ಕಾಕು ಉಂಡರೋ ಇಲ್ಲವೋ ತಕ್ಷಣ ತಿಳಿಸು, ನಾನು ಫೋನನ್ನು ಕೈಯಿಂದ ಕೆಳಗಿಡುವುದಿಲ್ಲ.

ಹಿನಾ


ಪ್ರಾಗ್
೧೨ ಆಗಸ್ಟ್, ಮಂಗಳವಾರ ಸಂಜೆ

ಹಿನಾ, ನನ್ನ ಹಿನಾ,

ಉಂಡರು.

ನೀನು ಬರೆದದ್ದನ್ನು ಓದುವಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಓದಿ ಮುಗಿಸಿದರೂ ಹೊರಳಲಿಲ್ಲ. ಇನ್ನೊಮ್ಮೆ ಓದು ಅಂದರು. ಓದಿದೆ. ಎದ್ದು ಕುಳಿತು, ಕೈ ಹಿಡಿ, ಜಳಕ ಮಾಡಬೇಕು ಅಂದರು. ನಾನೇ ಸ್ನಾನ ಮಾಡಿಸಿದೆ. ಎಡಗೈಗೆ ವಿಭೂತಿ ಹಚ್ಚಿ, ಆ ಬರಿಯ ಅಂಗೈಯನ್ನೇ ದಿಟ್ಟಿಸುತ್ತ ಎಷ್ಟೋ ಹೊತ್ತು ಕುಳಿತರು. ಆಗ ಅತ್ತರು ನೋಡು, ಮೂರು ದಿನದ ಅಳುವೆಲ್ಲ ಒಮ್ಮೆಗೇ ಬಂತು. ಆಮೇಲೆ ಮಾಂತೇಶ ತಂದ ಅನ್ನ ಮೊಸರು ಉಂಡು ಗುಳಿಗೆ ನುಂಗಿದರು. ಈಗ ನಿದ್ದೆ ಹೋಗಿದ್ದಾರೆ.

ನನಗೂ ಅಳು ಬಂತು. ಅಜ್ಜಾರ ಮಾತು ಎಂಥದು! ಇಷ್ಟು ವರ್ಷ ಅವರ ಕಾಲಿಗೆ ಬಿದ್ದೆ, ಆದರೆ ಒಂದು ದಿನವೂ ಮನಸ್ಸಿಟ್ಟು ಬಿದ್ದವಳಲ್ಲ. ಈಗ ಬೀಳುತ್ತೇನೆ. ಊರಿಗೆ ಬಂದ ಮೊದಲ ಸೋಮವಾರವೇ ಹೋಗಿ ಅವರ ಪಾದ ಹಿಡಿಯಬೇಕು ಎಂದು ಅತ್ತೆಯೂ ಮಲಗುವ ಮುನ್ನ ಹೇಳಿದರು. ಅಜ್ಜಾರು ಕುಳಿತಿದ್ದ ಜಾಗ, ಹೇಳಿದ ರೀತಿ, ಎಲ್ಲವನ್ನೂ ನಿನ್ನ ಬಾಯಿಂದಲೇ ಕೇಳಬೇಕಂತೆ. ನಿನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರಂತೆ.

ನೀನಿಲ್ಲದಿದ್ದರೆ ನಾನು ಇಲ್ಲಿಂದ ಹೆಣ ಒಯ್ಯಬೇಕಾಗಿತ್ತು.

ನಿನ್ನ ನಾಗೂ


ರಾಮದುರ್ಗ
೧೩ ಆಗಸ್ಟ್, ಬುಧವಾರ

ನಾಗೂ,

ಇದನ್ನು ಒಬ್ಬಳೇ ಓದು.

ಅಜ್ಜಾರು ನನಗೆ ಸಿಗಲೇ ಇಲ್ಲ.

ಮಠಕ್ಕೆ ಹೋದದ್ದು ನಿಜ. ಬಾಗಿಲಲ್ಲಿ ಶಿವಲಿಂಗ ಎಂಬ ಸೇವಕ ಇದ್ದ. ಅಜ್ಜಾರು ಶ್ರಾವಣದ ಪ್ರವಚನಕ್ಕೆಂದು ಕಿತ್ತೂರ ಕಡೆಯ ಹಳ್ಳಿಗೆ ಹೋಗಿದ್ದಾರೆ, ತಿಂಗಳು ಮುಗಿಯುವವರೆಗೆ ಅಲ್ಲೇ ಇರುತ್ತಾರೆ ಅಂದ. ಅಲ್ಲಿಗೆ ಹೋಗೋಣವೆಂದು ಯಾವ ಹಳ್ಳಿ ಎಂದು ಕೇಳಿದೆ, ಫೋನ್ ನಂಬರ್ ಕೇಳಿದೆ. ನೀನು ಯಾರ ಪೈಕಿ, ಅಜ್ಜಾರ ಹತ್ತಿರ ನಿನಗೇನು ಕೆಲಸ ಎಂದು ತಿರುಗಿ ಕೇಳಿದ. ಏನು ಹೇಳಲಿ? ಹೇಳಿದರೆ ಕಾಕುವಿನ ಮಾನ ಹೋಗುತ್ತದೆ. ಅಲ್ಲಿ ಕುಳಿತಿದ್ದ ಇಬ್ಬರು ನನ್ನ ಬುರ್ಖಾ ನೋಡಿ ಫೋನು ಎತ್ತಿ ಹಿಡಿದರು. ಈಗಿನ ಕಾಲ ನಿನಗೆ ಗೊತ್ತಿದೆ, ಯಾರದೋ ಸ್ಟೇಟಸ್ಸಿನಲ್ಲಿ ಒಂದು ಫೋಟೋ ಬಂದರೆ ಸಾಕು. ನಮ್ಮ ಮನೆಯವರು ಬಂದು, ನಡಿ ಹೋಗೋಣ ಎಂದು ತೋಳು ಹಿಡಿದು ಕರೆದೊಯ್ದರು.

ಕಟಕೋಳದ ಬಸ್ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿ ಅವರು ಚಹಾಕ್ಕೆ ಇಳಿದಾಗ ನಿನ್ನ ವಿಡಿಯೋ ತೆರೆದೆ. ಗೊಂಬೆಗಳು ತಿರುಗುತ್ತವೆ, ಜನ ಕೂಗುತ್ತಾರೆ. ಕೊನೆಯಲ್ಲಿ ನಿನ್ನ ಕೈ ಕೆಳಗಿಳಿದಾಗ ಒಂದು ಮೂಲೆಯಲ್ಲಿ ಕಾಕು ಕಾಣುತ್ತಾರೆ, ಎದೆಯನ್ನು ತಡಕಾಡುತ್ತಿದ್ದಾರೆ. ತುಸು ಹೊತ್ತು ಆಚೆ ತಿರುಗಿದ್ದೆ ಎಂದು ಬರೆದಿದ್ದೆಯಲ್ಲ. ಯಾಕೆ ತಿರುಗಿದ್ದೆ ಎಂದು ಬರೆಯಲಿಲ್ಲ. ಗಡಿಯಾರದ ವಿಡಿಯೋ ಕಳಿಸು ಎಂದು ದಿನವೂ ಕಾಡಿದವಳು ನಾನು. ನನಗೆ ನೋವಾಗಬಾರದೆಂದು ನೀನು ಮುಚ್ಚಿಟ್ಟೆ.

ಆಮೇಲೆ ನನ್ನಿಂದ ಸುಮ್ಮನೆ ಕೂರಲಾಗಲಿಲ್ಲ. ಕಾಕು ಅಲ್ಲಿ ಸಾಯುತ್ತಾರೆ, ನಾನು ಇಲ್ಲಿ ಚಹಾ ಕುಡಿಯುತ್ತೇನೆ ಅನಿಸಿತು. ಗಾಡಿಯಲ್ಲೇ ಕುಳಿತು ಆ ಮಾತುಗಳನ್ನು ಬರೆದೆ. ಎಲ್ಲಿಂದ ಬಂದವೋ ತಿಳಿಯದು. ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಕಾಕುವಿನ ಪೂಜೆ ಕೇಳಿಸಿಕೊಂಡವಳು ನಾನು, ಅಷ್ಟೇ ನನ್ನ ಬಂಡವಾಳ.

ನಿಮ್ಮ ಗುರುವಿನ ಹೆಸರಿನಲ್ಲಿ ಒಬ್ಬ ಸಾಬರ ಹೆಣ್ಣುಮಗಳು ಸುಳ್ಳು ಅಪ್ಪಣೆ ಕೊಟ್ಟಿದ್ದಾಳೆ. ಇದು ಹೊರಗೆ ಬಿದ್ದರೆ ನಮ್ಮ ಮನೆಯ ಗತಿ ಏನು? ಕಾಕುವನ್ನು ಅಜ್ಜಾರ ಕಡೆ ಹೋಗಲು ಬಿಡಬೇಡ.

ಹಿನಾ


ಪ್ರಾಗ್ ವಿಮಾನ ನಿಲ್ದಾಣ
೧೪ ಆಗಸ್ಟ್, ಗುರುವಾರ

ಹಿನಾ,

ಒಂದು ದಿನ ಉತ್ತರ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ.

ಅತ್ತೆಗೆ ಸುಳ್ಳು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ನನಗೂ ಹೇಳಿದೆಯಲ್ಲ, ಅದಕ್ಕೆ ಸಿಟ್ಟು. ನಾನೂ ಆ ಮಾತು ನಂಬಿ ಕಣ್ಣೀರು ಹಾಕಿದೆ. ಮೊದಲೇ ಹೇಳಿದ್ದರೆ ನಾನು ಓದಿ ಹೇಳುತ್ತಿರಲಿಲ್ಲವೆಂದು ನಿನಗೆ ಅನಿಸಿತೇ? ಇರಬಹುದು. ಓದುತ್ತಿರಲಿಲ್ಲವೇನೋ.

ಅತ್ತೆ ನಿನ್ನೆಯೂ ಇವತ್ತೂ ಬೆಳಿಗ್ಗೆ ಬರಿಗೈಗೆ ಪೂಜೆ ಮಾಡಿ ನಿಶ್ಚಿಂತೆಯಿಂದ ಉಣ್ಣುತ್ತಿದ್ದಾರೆ. ನನಗೆ ಮಾತ್ರ ತುತ್ತು ಇಳಿಯುತ್ತಿಲ್ಲ. ಸತ್ಯ ಗೊತ್ತಾದರೆ ಈ ಜೀವ ಉಂಡದ್ದನ್ನೆಲ್ಲ ಕಕ್ಕಿ ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತದೆ, ಆಗ ಎಬ್ಬಿಸುವವರು ಯಾರೂ ಇರುವುದಿಲ್ಲ. ಅಜ್ಜಾರ ಕಡೆ ಹೋಗುವುದು ಬೇಡ, ಮೊದಲು ವಿಶ್ರಾಂತಿ ತಗೊಳ್ಳಿ ಎಂದು ಹೇಳಿ ನೋಡಿದೆ. ಅವರು ನನ್ನನ್ನು ಹುಚ್ಚಿಯ ಹಾಗೆ ನೋಡಿದರು.

ಈ ಪತ್ರಗಳನ್ನೆಲ್ಲ ಅಳಿಸಿಬಿಡು. ನಾವು ಬಂದ ಮೇಲೆ ಸ್ವಲ್ಪ ದಿನ ನಮ್ಮ ಮನೆಯ ಕಡೆ ಬರಬೇಡ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನಾಗರತ್ನಾ


ಸವದತ್ತಿ
೧೭ ಆಗಸ್ಟ್, ರವಿವಾರ

ನಾಗರತ್ನಾ,

ಹೊರಡುವಾಗ ನಿನಗೆ ಹೇಳಲಿಲ್ಲ. ಜನ್ನತ ಅಕ್ಕನ ಮನೆಗೆ ಬಂದಿದ್ದೇನೆ. ಅಕ್ಕನಿಗೆ ಆರಾಮಿಲ್ಲ ಎಂದು ನಮ್ಮ ಅತ್ತೆಗೆ ಹೇಳಿ ಬಂದೆ. ಅಕ್ಕ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಾಳೆ. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು.

ನೀವು ಬಂದದ್ದು ಗೊತ್ತಾಯಿತು. ಕಾಕು ಹೊಸ್ತಿಲ ಹೊರಗೆ ನಿಂತು ನನ್ನ ಹೆಸರು ಹಿಡಿದು ಕೂಗಿದರು. ನಾನು ಒಳಗೆ ಹೊಲಿಗೆ ಯಂತ್ರದ ಹಿಂದೆ ಅಡಗಿ ಕುಳಿತಿದ್ದೆ. ಮಲಗಿದ್ದಾಳೆ ಎಂದು ನಮ್ಮ ಅತ್ತೆ ಹೇಳಿದರು. ಆ ಊರಿನ ಚಾಕಲೇಟು ಕೊಟ್ಟು ಹೋದರು ಕಾಕು. ಅದನ್ನು ಬಾಯಿಗೆ ಹಾಕಿಕೊಳ್ಳಲು ನನ್ನಿಂದಾಗಲಿಲ್ಲ.

ನಾಳೆ ಸೋಮವಾರ. ನೀವು ಹೋಗುತ್ತೀರಿ. ನಾನು ಹಾಗೆ ಹೇಳಿಲ್ಲ ಎಂದು ಅಜ್ಜಾರು ಅನ್ನುತ್ತಾರೆ. ನಿಮ್ಮ ಮನೆಯವರು ಬಾಯಿ ಬಿಡುವುದಿಲ್ಲ ನಿಜ. ಆದರೆ ಪ್ರವಚನಕ್ಕೆ ಕುಳಿತ ನೂರು ಜನ? ನಮ್ಮ ಮನೆಯವರ ಗಾಡಿಗೆ ಹತ್ತುವವರೆಲ್ಲ ನಿಮ್ಮವರೇ, ಆಮೇಲೆ ಯಾರೂ ಹತ್ತಲಾರರು. ಅದೂ ಹೋಗಲಿ. ನನ್ನ ನಿಜವಾದ ಭಯ ಬೇರೆ. ಕಾಕು ಮತ್ತೆ ಅನ್ನ ಬಿಟ್ಟರೆ ಆ ಸಾವು ನನ್ನ ಕೊರಳಿಗೆ ಸುತ್ತಿಕೊಳ್ಳುತ್ತದೆ. ಅಲ್ಲಿ ಬದುಕಿಸಿ ಇಲ್ಲಿ ಕೊಂದಂತಾಗುತ್ತದೆ.

ನೀನು ಉತ್ತರ ಬರೆಯುವುದಿಲ್ಲ ಎಂದು ಗೊತ್ತಿದ್ದೂ ಬರೆದೆ.

ಹಿನಾ


ರಾಮದುರ್ಗ
೧೯ ಆಗಸ್ಟ್, ಮಂಗಳವಾರ ಮಧ್ಯಾಹ್ನ

ಹಿನಾ,

ಐದು ಸಲ ಫೋನ್ ಮಾಡಿದೆ, ನೀನು ಬಂದ್ ಮಾಡಿದ್ದೀಯ. ಅದಕ್ಕೇ ಬರೆಯುತ್ತಿದ್ದೇನೆ. ತೆರೆದ ಕೂಡಲೇ ಓದು.

ನಿನ್ನೆ ಹೋದೆವು. ಮಠಕ್ಕೆ ಹೋದರೆ ಅಜ್ಜಾರು ಕಿತ್ತೂರ ಕಡೆ ಇದ್ದಾರೆಂದು ಆ ಶಿವಲಿಂಗ ಹೇಳಿದ. ಎಂದಿನಿಂದ ಎಂದು ಅತ್ತೆ ಕೇಳಿದರು. ಶ್ರಾವಣ ಹಿಡಿದಾಗಿನಿಂದ ಅಂದ ಅವನು. ಅತ್ತೆ ಗಾಡಿಯಲ್ಲಿ ಬಂದು ಕುಳಿತು, ಅಲ್ಲಿಗೇ ನಡೆಯಿರಿ ಅಂದರು.

ಪ್ರವಚನ ಮುಗಿದು ಜನ ಎದ್ದುಹೋದ ಮೇಲೆ ಅಜ್ಜಾರು ಒಬ್ಬರೇ ಸಿಕ್ಕರು. ಅತ್ತೆ ಕಾಲಿಗೆ ಬಿದ್ದು, ನೀವು ಉಣ್ಣು ಅಂದಿರೆಂದು ಉಂಡೆ ಎಂದರು. ಅಜ್ಜಾರು, "ನಾ ಏನೂ ಹೇಳಿಲ್ಲ ತಾಯಿ. ನನಗ ಯಾರೂ ಬಂದು ಕೇಳಿಲ್ಲ" ಅಂದರು. ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಆ ನೋಟಕ್ಕೆ ನಾನು ನಿಲ್ಲಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ನಿನ್ನ ಹೆಸರು ಹೇಳಿದೆ, ನನ್ನ ವಿಡಿಯೋದ ಸಂಗತಿಯನ್ನೂ ಹೇಳಿದೆ. ನಮ್ಮ ಮನೆಯವರು ಅಲ್ಲೇ ಕಂಬ ಹಿಡಿದು ಕುಳಿತುಬಿಟ್ಟರು.

ನೀನು ಬರೆದ ಮಾತು ಏನೆಂದು ಅಜ್ಜಾರು ಕೇಳಿದರು. ಅತ್ತೆಗೆ ಬಾಯಿಪಾಠವಾಗಿತ್ತು, ಹೇಳಿದರು. ಅಜ್ಜಾರು ಇನ್ನೊಮ್ಮೆ ಹೇಳಿಸಿದರು. ತಪ್ಪು ಅನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಹೊಸ ಲಿಂಗ ತರಿಸಿ, ತಾವೇ ಕಟ್ಟಿ ಕಳಿಸಿದರು. ಅತ್ತೆ ರಾತ್ರಿ ಮನೆಗೆ ಬಂದು ಊಟ ಮಾಡದೇ ಮಲಗಿದರು. ನಾನು ಬಾಗಿಲ ಬಳಿಯೇ ಕುಳಿತಿದ್ದೆ. ನಾನು ಹೆದರಿದ್ದೆಲ್ಲ ನಿಜವಾಯಿತು ಅಂದುಕೊಂಡೆ.

ಇವತ್ತು ಬೆಳಿಗ್ಗೆ ಪೂಜೆ ಮಾಡಿದರು. ಒಳಗೆ ಹೋಗಿ ತಾಟಿನಲ್ಲಿ ತಾವೇ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡರು. ಉಣ್ಣುತ್ತಾರೆ ಎಂದು ನನಗೆ ಜೀವ ಬಂತು. ಉಣ್ಣಲಿಲ್ಲ. ತಾಟು ಹಿಡಿದುಕೊಂಡು ಹೊರಗೆ ಹೋಗಿ ನಿಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತರು. ನೀನು ಸವದತ್ತಿಗೆ ಹೋಗಿದ್ದೀ ಎಂದು ಖೈರುನಬಿಯವರು ಹೇಳಿದರೂ ಏಳಲಿಲ್ಲ. ಈಗ ಊಟದ ಹೊತ್ತು ಮೀರಿದೆ. ಓಣಿಯ ಜನ ಬಂದು ನಿಂತು ನೋಡುತ್ತಿದ್ದಾರೆ. ನಮ್ಮ ಮನೆಯವರು ಕೈಮುಗಿದರು, ಖೈರುನಬಿಯವರು ತಮ್ಮ ಸೆರಗೊಡ್ಡಿ ಬೇಡಿದರು. ಗುಳಿಗೆ ನನ್ನ ಕೈಯಲ್ಲೇ ಇದೆ, ತಾಟು ಹಿಡಿದ ಅತ್ತೆಯ ಕೈ ನಡುಗುತ್ತಿದೆ.

ಇದು ಸಿಟ್ಟೋ ಮಮತೆಯೋ ನನಗೆ ತಿಳಿಯುತ್ತಿಲ್ಲ. ಮುಖ ನೋಡಿದರೂ ಗೊತ್ತಾಗುವುದಿಲ್ಲ. ಶಾನವಾಜಣ್ಣ ನಿನ್ನನ್ನು ಕರೆತರಲು ಗಾಡಿ ತೆಗೆದುಕೊಂಡು ಹೊರಟಿದ್ದಾರೆ. ಅವರು ಬರುವವರೆಗೂ ಕಾಯಬೇಡ, ಸಿಕ್ಕ ಬಸ್ಸು ಹತ್ತು. ನಾನು ಪಕ್ಕದಲ್ಲಿ ಕುಳಿತು ಕಡೆಯ ಸಲ ಕೇಳಿಕೊಂಡೆ, ನನ್ನ ಮೇಲಿನ ಸಿಟ್ಟಿಗೆ ಜೀವ ಕಳೆದುಕೊಳ್ಳಬೇಡಿರಿ ಅಂದೆ. ಎಲ್ಲರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಅವರು ಇಷ್ಟೇ ಹೇಳಿದರು:

"ಉಣ್ಣು ಅಂದಾಕಿ ಅಕಿ. ಅಜ್ಜಾರ ಹೆಸರ ಯಾಕ ಹೇಳಬೇಕಾಗಿತ್ತು? ಈಗ ಬಂದು ತನ್ನ ಹೆಸರಿನಾಗ ಉಣ್ಣು ಅನ್ಲಿ, ಉಣತೇನಿ."